ಆಮೆನ್ ಆಗುವ ತನಕ

ಇತ್ತೀಚೆಗೆ ನನಗೊಂದು ಚಟ ಅಂಟಿಕೊಂಡಿದೆ. ರಸ್ತೆಯಲ್ಲಿ ನಿಂತ ಗಾಡಿಗಳ ಟೈರು ನೋಡುವುದು. ಜನ ಗಾಡಿಯ ಬಣ್ಣ ನೋಡುತ್ತಾರೆ, ನಂಬರು ನೋಡುತ್ತಾರೆ, ಒಳಗೆ ಕುಳಿತವರು ಯಾರೆಂದು ಇಣುಕುತ್ತಾರೆ. ನಾನು ಮಾತ್ರ ಬಗ್ಗಿ, ಗಾಲಿಯ ಹಿಂದೆ ಕಲ್ಲು ಇದೆಯೋ ಇಲ್ಲವೋ ಎಂದು ನೋಡುತ್ತೇನೆ. ಇಲ್ಲದಿದ್ದರೆ ಮುಂದೆ ಹೋಗಲು ಕಾಲು ಬರುವುದಿಲ್ಲ.

ಮೊನ್ನೆ ಪೇಟೆಗೆ ಬೇಳೆ ತರಲು ಹೋಗಿದ್ದೆ. ಬೆಲ್ಲದ ಪೆಂಟೆಗಳನ್ನು ಇಳಿಸುತ್ತಿದ್ದ ಟೆಂಪೊ ಒಂದು ಅಂಗಡಿಯ ಮುಂದೆ ನಿಂತಿತ್ತು. ಕೈಯಲ್ಲಿ ಚೀಲ ಹಿಡಿದುಕೊಂಡೇ ಬಗ್ಗಿದೆ. ಅಂಗಡಿಯ ಕಟ್ಟೆಯ ಮೇಲೆ ಚಹಾ ಕುಡಿಯುತ್ತ ಕುಳಿತಿದ್ದ ಡ್ರೈವರ್ ಕೇಳಿದ:

"ಏನ ಕಳಕೊಂಡೀರಿ ಅಕ್ಕಾರ?"

"ಏನೂ ಇಲ್ರಿ. ಟೈರಿಗೆ ಕಲ್ಲ ಕೊಟ್ಟಿಲ್ಲಲ್ರಿ?"

"ಸಪಾಟ ರಸ್ತಾ ಐತಲ್ರೀ. ಎಲ್ಲಿ ಓಡಿ ಹೊಕ್ಕೈತಿ?"

"ಗೇರಿನ್ಯಾಗರೆ ಹಾಕೀರಿಲ್ಲೋ?"

ಅವನು ಪಕ್ಕದಲ್ಲಿದ್ದ ಹಮಾಲನ ಮುಖ ನೋಡಿದ. ಹಮಾಲ ಬೀಡಿಯ ಬೂದಿ ಝಾಡಿಸಿ ಹೇಳಿದ: "ಒಂದ ಕಲ್ಲ ಇಟ್ಟ ಬಿಡೋ ಮಾರಾಯಾ. ಇಲ್ಲಾಂದ್ರ ಅಕ್ಕಾರ ಬ್ಯಾಳಿ ತಗೊಂಡ ಮನಿಗೆ ಹೋಗಾಂಗಿಲ್ಲ, ನಿನ್ನ ಗಾಡೀನ ಕಾಯ್ಕೋತ ಇಲ್ಲೇ ಕುಂದರತಾರ."

ಇಬ್ಬರೂ ನಕ್ಕರು. ನಾನೂ ನಕ್ಕೆ. ನಕ್ಕು, ಗಟಾರದ ಪಕ್ಕ ಬಿದ್ದಿದ್ದ ಅರ್ಧ ಇಟ್ಟಂಗಿಯನ್ನು ತಂದು ಹಿಂದಿನ ಗಾಲಿಗೆ ಒತ್ತಿ ಇಟ್ಟೇ ಹೋದೆ. ಬೇಳೆ ಅಳೆಯುತ್ತಿದ್ದ ಸೇಠ ತಕ್ಕಡಿ ಹಿಡಿದುಕೊಂಡೇ ನನ್ನನ್ನು ನೋಡುತ್ತಿದ್ದ. ಬಿ.ಎಸ್ಸಿ.ಯಲ್ಲಿ ಭೌತಶಾಸ್ತ್ರ ಓದಿದವಳು ನಾನು. ಇಳಿಜಾರಿನ ಮೇಲೆ ಇಟ್ಟ ವಸ್ತು ಎಷ್ಟು ಕೋನಕ್ಕೆ ಜಾರತೊಡಗುತ್ತದೆ ಎಂಬ ಲೆಕ್ಕವನ್ನು ಪರೀಕ್ಷೆಯಲ್ಲಿ ಬಿಡಿಸಿ ಪಾಸಾದವಳು. ಅಂಥವಳು ಸಪಾಟ ರಸ್ತೆಯಲ್ಲಿ ನಿಂತ ಟೆಂಪೊಗೆ ಇಟ್ಟಂಗಿ ಕೊಡುತ್ತಿದ್ದೇನೆ ಎಂದರೆ ನೀವೂ ನಗಬಹುದು. ನಗಿರಿ.

ಆದರೆ ಇದರ ಜೋಡಿಯ ಇನ್ನೊಂದು ಸಂಗತಿಗೆ ನನಗೆ ನಗು ಬರುವುದಿಲ್ಲ. ಪ್ರಾರ್ಥನೆಯಲ್ಲಿ ಕಣ್ಣು ಮುಚ್ಚುವುದು ನನ್ನಿಂದ ಆಗುತ್ತಿಲ್ಲ. ರೆಪ್ಪೆ ಕೂಡಿದೊಡನೆ ತಾವಾಗಿಯೇ ತೆರೆದುಕೊಳ್ಳುತ್ತವೆ. ಕ್ರೈಸ್ತರ ಮನೆಯಲ್ಲಿ ಹುಟ್ಟಿ, ದಿನಕ್ಕೆ ಎರಡು ಹೊತ್ತು ಪ್ರಾರ್ಥನೆಯಲ್ಲಿ ಬೆಳೆದವಳಿಗೆ ಇದು ಸಣ್ಣ ಮಾತಲ್ಲ. ಈಜು ಬಲ್ಲವನಿಗೆ ನೀರಿಗಿಳಿದ ಕೂಡಲೇ ಕೈಕಾಲು ಸೋತಂತೆ.

ನಮ್ಮ ಮನೆಯಲ್ಲಿ ಕಾಯ್ದೆಗಳು ಹೆಚ್ಚಿರಲಿಲ್ಲ. ಇದ್ದ ಒಂದು ಕಾಯ್ದೆ ಅವ್ವನದು. "ಪ್ರಾರ್ಥನಾ ಸುರು ಆತಂದ್ರ ಎಲ್ಲಿದ್ದೀರಿ ಅಲ್ಲೇ ನಿಂದರಬೇಕು. ಕಣ್ಣ ಮುಚ್ಚಬೇಕು. ಆಮೆನ್ ಆಗೂ ತನಕ ಯಾರ ಕರದ್ರೂ ತೆರೀಬಾರದು." ನಾನು ಯಾಕೆ ಎಂದು ಕೇಳಿದ್ದಕ್ಕೆ ಅವಳ ಉತ್ತರ: "ದೊಡ್ಡವ್ರ ಜೋಡಿ ಮಾತಾಡುವಾಗ ಬಾಜೂದವ್ರ ಕರದ್ರಂತ ಹೊಳ್ಳಿ ನೋಡ್ತಾರೇನು?" ಸ್ನಾನದ ನೀರು ತೋಡುತ್ತಿದ್ದರೆ ತಂಬಿಗೆ ಹಿಡಿದುಕೊಂಡೇ ನಿಲ್ಲಬೇಕು. ಮೆಟ್ಟಿಲು ಇಳಿಯುತ್ತಿದ್ದರೆ ನಡುವಿನ ಮೆಟ್ಟಿಲಲ್ಲೇ ನಿಲ್ಲಬೇಕು. ಶಿವಬಸವ ನಗರದ ನಮ್ಮ ಮನೆಗೆ ಆ ಹೊತ್ತಿನಲ್ಲಿ ಯಾರಾದರೂ ಬಂದರೆ, ನಾವೆಲ್ಲ ಕಲ್ಲಿನ ಗೊಂಬೆಗಳಂತೆ ಒಬ್ಬೊಬ್ಬರು ಒಂದೊಂದು ಮೂಲೆಯಲ್ಲಿ ನಿಂತಿರುತ್ತಿದ್ದೆವು.

ಪ್ರಾರ್ಥನೆ ಮಾಡುತ್ತಿದ್ದವನು ಅವ್ವನ ತಮ್ಮ ದೇವದಾನ ಮಾಮಾ. ಚರ್ಚಿನ ಸಭೆಯ ಹಿರಿಯ. ಹತ್ತಿರದಲ್ಲೇ ಅವನ ಮನೆ. ನನ್ನ ಅಪ್ಪ ತೀರಿಕೊಂಡ ಮೇಲೆ ಸಂಜೆಯ ಪ್ರಾರ್ಥನೆ ಅವನದೇ. ಅವನ ಪ್ರಾರ್ಥನೆ ಪ್ಯಾಸೆಂಜರ್ ರೈಲು ಇದ್ದಂತೆ, ಎಲ್ಲ ಸ್ಟೇಷನ್ನಿನಲ್ಲೂ ನಿಲ್ಲುತ್ತಿತ್ತು. ಲೋಕದ ಸೃಷ್ಟಿಯಿಂದ ಹೊರಟು, ರಾಜ್ಯವಾಳುವವರು, ಗಡಿ ಕಾಯುವವರು, ಮಳೆ, ಬೆಳೆ, ನಮ್ಮ ಓಣಿಯ ಕಾಯಿಲೆಯವರು, ಆಮೇಲೆ ಬಸ್ಸಿನಲ್ಲಿ, ರೈಲಿನಲ್ಲಿ, ವಿಮಾನದಲ್ಲಿ ಪ್ರಯಾಣಿಸುವವರು. ನಾನು ಕಿವಿ ನಿಮಿರಿಸಿ ವಿಮಾನಕ್ಕೆ ಕಾಯುತ್ತಿದ್ದೆ. ವಿಮಾನ ಬಂತೆಂದರೆ ಇನ್ನು ವಿಧವೆಯರು, ಅನಾಥರು ಅಷ್ಟೆ. ಅವರ ಹಿಂದೆಯೇ ಆಮೆನ್.

ಓಣಿಯ ಬೆಕ್ಕಿಗೆ ಈ ಸ್ಟೇಷನ್ನುಗಳೆಲ್ಲ ನನಗಿಂತ ಚೆನ್ನಾಗಿ ಗೊತ್ತಿದ್ದವು. ಒಂದು ಸಲ ಊಟಕ್ಕೆ ಕುಳಿತಾಗ ರೆಪ್ಪೆಯ ಸಂದಿಯಿಂದ ನೋಡಿದೆ. ಅದು ಯಾವ ಗಡಿಬಿಡಿಯೂ ಇಲ್ಲದೆ ಬಂದು, ಮಾಮಾನ ತಾಟಿನಿಂದ ಹುರಿದ ಮೀನು ಎತ್ತಿಕೊಂಡು, ಗಡಿ ಕಾಯುವವರ ಹೊತ್ತಿಗೆಲ್ಲ ಕಿಟಕಿ ದಾಟಿತು. ಹೇಳಿದರೆ ಕಣ್ಣು ತೆರೆದದ್ದು ಗೊತ್ತಾಗುತ್ತದೆ. ಮತ್ತೆ ಗಟ್ಟಿಯಾಗಿ ಕಣ್ಣು ಮುಚ್ಚಿದೆ. ಆಮೆನ್ ಆದ ಮೇಲೆ ಮಾಮಾ ತಾಟು ನೋಡಿ, "ಅಕ್ಕಾ, ನನಗ ಮೀನ ಹಾಕಿದ್ದಿಲ್ಲಾ?" ಎಂದ. ಅವ್ವ ತನ್ನ ತಾಟಿನ ಮೀನನ್ನು ಅವನಿಗೆ ಹಾಕಿ, "ಇನ್ನಷ್ಟ ಲಗು ಮುಗಸಿದ್ರ ನಿನಗೂ ಇರತಿತ್ತಪಾ," ಎಂದಳು. ಅವಳಿಗೂ ಗೊತ್ತಿತ್ತು. ಬೆಕ್ಕಿನ ಸಪ್ಪಳ ಕೇಳಿಯೇ ಇದ್ದಳು, ಆದರೆ ಕಣ್ಣು ತೆರೆದಿರಲಿಲ್ಲ. ಹಾಲು ಉಕ್ಕಿ ಸ್ಟೋವಿನ ಮೇಲೆ ಹರಿದರೂ ತೆರೆಯುತ್ತಿರಲಿಲ್ಲ. ವಾಸನೆ ಮನೆ ತುಂಬುತ್ತಿತ್ತು. ಅವಳು ಎಡಗಣ್ಣಿನ ತುದಿಯನ್ನೂ ಅಲುಗಿಸದೆ ನಿಂತಿರುತ್ತಿದ್ದಳು. ನಾನು ಅವಳ ಸೆರಗು ಜಗ್ಗಿದರೆ, ಕಣ್ಣು ಮುಚ್ಚಿಕೊಂಡೇ ಬಲಗೈ ಎತ್ತಿ ಅಂಗೈ ತೋರಿಸುತ್ತಿದ್ದಳು: ತಡಿ.

ಬಾಜೂ ಮನೆಯ ನೀಲಕ್ಕ ಹೆಪ್ಪು ಕೇಳಲು ಬಂದು, ಬಟ್ಟಲು ಹಿಡಿದುಕೊಂಡು ಹೊಸ್ತಿಲಲ್ಲೇ ಕಾಯುತ್ತಿದ್ದಳು. ಅವರದು ಲಿಂಗಾಯತರ ಮನೆ. ಒಮ್ಮೆ ಆಮೆನ್ ಆದ ಮೇಲೆ ಕೇಳಿಯೇಬಿಟ್ಟಳು: "ಅಲ್ಲಬೇ ರೂತವ್ವಾ, ನೀವು ಕಣ್ಣ ಯಾಕ ಮುಚ್ಚತೀರಿ? ನಾವು ಲಿಂಗಪೂಜಾ ಮಾಡುವಾಗ ಅಂಗೈ ಮ್ಯಾಲ ಇಟಗೊಂಡ ಕಣ್ಣ ತೆರದ ನೋಡತೀವಿ. ನೋಡಲಿಲ್ಲಂದ್ರ ಪೂಜಾ ಹೆಂಗ ಆಕ್ಕೈತಿ?"

ಅವ್ವ ನಕ್ಕಳು. "ನಿಮ್ಮ ದೇವರು ನಿಮ್ಮ ಕೈಯಾಗ ಇರತಾನ ನೀಲಕ್ಕಾ. ನಾವು ಅವನ ಕೈಯಾಗ ಇರತೀವಿ. ನಾವ್ ನೋಡಲಿಲ್ಲಂದ್ರೂ ನಡೀತೈತಿ."

ನನಗೆ ಆಗ ಈ ಮಾತು ಬಹಳ ಹಿಡಿಸಿತ್ತು. ಕಾಲೇಜಿನಲ್ಲಿ ಗೆಳತಿಯರಿಗೆ ಹೇಳಿ ಜಂಬಪಟ್ಟದ್ದೂ ಉಂಟು. ಈಗ ಆ ಮಾತು ನೆನಪಾದರೆ ಎದ್ದು ಬೇರೆ ಕೋಣೆಗೆ ಹೋಗುತ್ತೇನೆ.

ಮಳೆಗಾಲ ಮುಗಿದು ನೆಲ ಇನ್ನೂ ಹಸಿರಾಗಿದ್ದ ಒಂದು ದಿನ, ಖಾನಾಪುರದಲ್ಲಿ ನನ್ನ ಮಾವಶಿ ಹೊಸ ಮನೆ ಕಟ್ಟಿಸಿದ್ದಕ್ಕೆ ಕೃತಜ್ಞತೆಯ ಪ್ರಾರ್ಥನೆ ಇಟ್ಟುಕೊಂಡಿದ್ದಳು. ಮಾವಶಿ ಎಂದರೆ ಅವ್ವನ ಚಿಕ್ಕವ್ವನ ಮಗಳು. ಅರ್ಧ ಮರಾಠಿಯಲ್ಲೇ ಮಾತಾಡುವವಳು. ಸಭೆಯ ಕೆಲವರು, ಮಾಮಾ, ಅವ್ವ, ನಾನು ಒಂದು ಬಾಡಿಗೆ ವ್ಯಾನಿನಲ್ಲಿ ಹೋದೆವು. ಡ್ರೈವರ್ ದೇಸೂರಿನ ಬಸು. ಬೆಳಿಗ್ಗೆ ನಮ್ಮ ಮನೆಯ ಮುಂದೆ ಮಾಮಾ ಪ್ರಯಾಣದ ಪ್ರಾರ್ಥನೆ ಸುರು ಮಾಡಿದಾಗ ಬಸು ತಾನಾಗಿಯೇ ಎಂಜಿನ್ ಬಂದ್ ಮಾಡಿದ. ಅಷ್ಟೇ ಅಲ್ಲ, ಕೆಳಗಿಳಿದು, ಚಪ್ಪಲಿ ಬಿಟ್ಟು, ಕೈ ಮುಗಿದು ನಿಂತ. ಆಮೇಲೆ ನಾನು ಕೇಳಿದರೆ, "ಮಂದಿ ದೇವರ ಹೆಸರ ಹೇಳುವಾಗ ಸ್ಟೇರಿಂಗ ಹಿಡಕೊಂಡ ಕುಂದರೂದ ಛಲೋ ಅಲ್ರೀ," ಎಂದ. ಅವ್ವನಿಗೆ ಅವನು ಅಲ್ಲಿಗೇ ಮಗನಾದ. ದೇಸೂರು ದಾಟುವವರೆಗೆ ಅವನಿಗೆ ಹೆಣ್ಣು ಹುಡುಕುವ ಮಾತೇ ನಡೆದಿತ್ತು.

ಮಾವಶಿಯ ಮನೆ ಮಲಪ್ರಭೆಯ ಕಡೆ ಇಳಿಯುವ ಹಾದಿಯಲ್ಲಿ, ರಸ್ತೆಗಿಂತ ಕೆಳಗೆ. ಬಸು ವ್ಯಾನನ್ನು ಏರಿಗೆ ಮುಖ ಮಾಡಿ ನಿಲ್ಲಿಸಿ, ಹಿಂದಿನ ಗಾಲಿಗೆ ಕಲ್ಲು ಕೊಟ್ಟಿದ್ದ. ಅವನು ಯಾವ ಕೆಲಸವನ್ನೂ ಬೇಜವಾಬ್ದಾರಿಯಿಂದ ಮಾಡಲಿಲ್ಲ. ಇದನ್ನು ನಾನು ಕೇಳಿದವರಿಗೆಲ್ಲ ಹೇಳಿದ್ದೇನೆ, ಕೇಳದವರಿಗೂ ಹೇಳಿದ್ದೇನೆ.

ಊಟವಾಗಿ ಎಲ್ಲರೂ ಹತ್ತಿ ಕುಳಿತರು. ಬಸು ಕಲ್ಲು ತೆಗೆದ, ಎಂಜಿನ್ ಸುರು ಮಾಡಿದ. ಅಷ್ಟರಲ್ಲಿ ಕೆಳಗಿನ ಬಾಗಿಲಿನಿಂದ ಮಾವಶಿ ಕೂಗಿದಳು: "ಅಗ ಅಕ್ಕಾ, ನಿನ್ನ ಡಬ್ಬಾ ಇಲ್ಲೇ ರಾಹಿಲಾ!"

"ಅಯ್ಯ, ಹೋಳಗಿ ಡಬ್ಬಿ!" ಎಂದು ಅವ್ವ ಇಳಿದು ಮನೆಯ ಕಡೆ ಹೋದಳು. ನಾನೂ ಇಳಿದು ವ್ಯಾನಿನ ಬಾಗಿಲ ಬಳಿ ಅವಳಿಗಾಗಿ ನಿಂತೆ. ಮುಂದಿನ ಸೀಟಿನಲ್ಲಿದ್ದ ಮಾಮಾ, ಅಕ್ಕ ಇಳಿದದ್ದನ್ನು ನೋಡಿರಲಿಲ್ಲ. "ತಡಿಯಪಾ ಬಸು, ಪ್ರಾರ್ಥನಾ ಮಾಡಿ ಹೊಂಡೂಣು," ಎಂದ. ಬಸು ಬೆಳಗಿನಂತೆಯೇ ಎಂಜಿನ್ ಬಂದ್ ಮಾಡಿದ, ಹ್ಯಾಂಡ್ ಬ್ರೇಕ್ ಎಳೆದ, ಇಳಿದ, ಚಪ್ಪಲಿ ಬಿಟ್ಟು ಮುಂದೆ ಹೋಗಿ ಕೈ ಮುಗಿದು ನಿಂತ. ಕಲ್ಲನ್ನು ಮರಳಿ ಇಡಬೇಕೆಂದು ಯಾರಿಗೂ ಹೊಳೆಯಲಿಲ್ಲ. ಹೊರಡುವ ಗಾಡಿಗೆ ಯಾರು ಕಲ್ಲು ಕೊಡುತ್ತಾರೆ?

ಮಾಮಾನ ದನಿ ದೊಡ್ಡದು. ಅವ್ವ ಡಬ್ಬಿ ಹಿಡಿದುಕೊಂಡು ಕಾಂಪೌಂಡಿನ ಗೇಟು ದಾಟಿ, ವ್ಯಾನಿನ ಹಿಂದಕ್ಕೆ ಬರುವಷ್ಟರಲ್ಲಿ ಅದು ಅವಳ ಕಿವಿಗೆ ಬಿತ್ತು. ಎಲ್ಲಿದ್ದಳೋ ಅಲ್ಲೇ ನಿಂತಳು. ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು. ಕಣ್ಣು ಮುಚ್ಚಿದಳು. ಅವಳು ಬಂದಳೋ ಇಲ್ಲವೋ ಎಂದು ನನ್ನ ಹಳೆಯ ಚಾಳಿಯಂತೆ ರೆಪ್ಪೆಯ ಸಂದಿಯಿಂದ ನೋಡಿದವಳು ನಾನು. ಆದ್ದರಿಂದ ಇದೆಲ್ಲ ನನಗೆ ಗೊತ್ತು. ಅಲ್ಲಿದ್ದವರಲ್ಲಿ ಇದನ್ನು ನೋಡಿದವಳು ನಾನೊಬ್ಬಳೇ.

ಮೊದಲು ಕೇಳಿದ್ದು ನೆಲದ ಗರಸುಕಲ್ಲಿನ ಸಪ್ಪಳ. ಹುರಿಗಡಲೆ ಜಗಿದಂಥ ಸಣ್ಣ ಸಪ್ಪಳ. ತುಂಬಿದ ಗಾಡಿಯ ಭಾರಕ್ಕೆ ಹ್ಯಾಂಡ್ ಬ್ರೇಕ್ ಜಾರಿತ್ತು. ನೋಡಿದರೆ ಗಾಲಿ ತಿರುಗುತ್ತಿತ್ತು, ಬಹಳ ನಿಧಾನ, ಯಾರೋ ಬೇಕೆಂದೇ ತಿರುಗಿಸುತ್ತಿರುವಂತೆ.

"ಅವ್ವಾ, ಬಾಜೂ ಸರಿ! ಗಾಡಿ ಬರಾಕತ್ತೈತಿ!"

ಅವಳು ಕಣ್ಣು ತೆರೆಯಲಿಲ್ಲ. ಬಲಗೈ ಎತ್ತಿ ಅಂಗೈ ತೋರಿಸಿದಳು.

ಓಡಿದೆ. ಬಸು ಮುಂದಿನಿಂದ ಹಾರಿ ಬಾಗಿಲು ಹಿಡಿದ, ಅದು ಅವನ ಕೈ ಜಾರಿತು. ನನ್ನ ಕೈಗೆ ಅವ್ವನ ಸೆರಗು ಸಿಕ್ಕಿತು. ಸೆರಗು ಮಾತ್ರ. ವ್ಯಾನು ಅವಳನ್ನು ಗೇಟಿನ ಕಲ್ಲುಕಂಬಕ್ಕೆ ಒತ್ತಿ ನಿಂತಿತು. ಒಳಗಿದ್ದವರೆಲ್ಲ ಗಾಡಿ ಹೊರಟಿತು ಎಂದುಕೊಂಡಿದ್ದರಂತೆ. ಬಸು ಬೆಳಗಿನಂತೆ ಇಳಿದಿಲ್ಲ, ಅವಸರದಲ್ಲಿದ್ದಾನೆ ಎಂದುಕೊಂಡು, ಕಣ್ಣು ಮುಚ್ಚಿಕೊಂಡೇ ಇದ್ದರು. ಧಡ್ ಎಂದು ಸಪ್ಪಳವಾಯಿತು. ಆಮೇಲೆ ಹಿಂದಿನ ಸೀಟಿನಿಂದ ಯಾರೋ ರೂಢಿಯಿಂದ "ಆಮೆನ್" ಎಂದರು.

ಅವ್ವ ಬದುಕಿದಳು. ಸೊಂಟದ ಕೆಳಗೆ ಅವಳಿಗೆ ಏನೂ ತಿಳಿಯುವುದಿಲ್ಲ. ಮುಂದೆಯೂ ತಿಳಿಯುವುದಿಲ್ಲ ಎಂದು ಡಾಕ್ಟರು ಹೇಳಿದ್ದಾರೆ. ಅವರು ಅದನ್ನು ನನಗೆ ಇಂಗ್ಲಿಷಿನಲ್ಲಿ ಹೇಳಿದರು. ಅದನ್ನು ಕನ್ನಡದಲ್ಲಿ ಅವ್ವನಿಗೆ ಹೇಳುವ ಕೆಲಸ ನನ್ನ ಪಾಲಿಗೆ ಬಂತು. ಅವಳು ಕೇಳಿ, "ಆಗಲಿ," ಎಂದಳು.

ಈ "ಆಗಲಿ"ಯ ಜೊತೆಗೇ ಈಗ ನನ್ನ ಸಂಸಾರ. ಹಾಸಿಗೆ ಬದಲಿಸಲು ತಡವಾಯಿತೇ? ಆಗಲಿ. ನೀರು ಹತ್ತಿರ ಇಡಲು ಮರೆತು ನಾನು ಕಚೇರಿಗೆ ಹೋಗಿಬಿಟ್ಟೆನೇ? ಆಗಲಿ. ಬೆನ್ನಿನ ಹುಣ್ಣಿಗೆ ಔಷಧ ಹಚ್ಚುವಾಗ ನನ್ನ ಉಗುರು ತಾಗಿದರೂ ಆಗಲಿ. ನೋಡಲು ಬಂದವರು ಅವಳ ತಾಳ್ಮೆಯನ್ನು ಹೊಗಳಿ, ಕೊಟ್ಟ ಚಹಾ ಕುಡಿದು, "ದೇವರು ತನ್ನವರನ್ನ ಪರೀಕ್ಷಾ ಮಾಡ್ತಾನ್ರಿ," ಎಂದು ಹೇಳಿ ಹೋಗುತ್ತಾರೆ. ಪರೀಕ್ಷೆ ಎಂದರೆ ಅದಕ್ಕೆ ಒಂದು ಮುಗಿಯುವ ಹೊತ್ತು ಇರಬೇಕು. ಗಂಟೆ ಬಾರಿಸಬೇಕು, ಯಾರಾದರೂ ಬಂದು ಉತ್ತರಪತ್ರಿಕೆ ಇಸಿದುಕೊಳ್ಳಬೇಕು. ಇದು ಯಾವ ನಮೂನೆಯ ಪರೀಕ್ಷೆ?

ಬಸು ಒಮ್ಮೆ ಬಂದಿದ್ದ. ಪೇರಲ ಹಣ್ಣಿನ ಚೀಲ ಹಿಡಿದುಕೊಂಡು ಹೊರಗೇ ನಿಂತ. "ಒಳಗ ಬಾರಪಾ," ಎಂದು ಅವ್ವ ಮಲಗಿದಲ್ಲಿಂದಲೇ ಕರೆದಳು. ಬರಲಿಲ್ಲ.

"ನಾ ಇಳೀಬಾರದಿತ್ರೀ ಅವ್ವಾರ. ನಿಮ್ಮ ದೇವರಿಗೆ ಕೈ ಮುಗಿಯೂಣಂತ ಇಳದ್ನಿ. ಸ್ಟೇರಿಂಗ ಹಿಡಕೊಂಡ ಕುಂತಿದ್ರ..."

"ಕೈ ಮುಗದದ್ದ ತಪ್ಪ ಹೆಂಗ ಆಕ್ಕೈತೋ ತಮ್ಮಾ? ಬಾ, ಕುಂದರ ಬಾ."

ಅವನು ಹಣ್ಣಿನ ಚೀಲವನ್ನು ಹೊಸ್ತಿಲಲ್ಲಿ ಇಟ್ಟು ಹೋದ. ವ್ಯಾನು ಓಡಿಸುವುದನ್ನು ಬಿಟ್ಟಿದ್ದಾನೆ ಎಂದು ಆಮೇಲೆ ತಿಳಿಯಿತು. ಬಸು ಕೈ ಮುಗಿದದ್ದು ತಪ್ಪಲ್ಲ. ಮಾಮಾ ಪ್ರಾರ್ಥಿಸಿದ್ದು ತಪ್ಪಲ್ಲ. ಅವ್ವ ಕಣ್ಣು ಮುಚ್ಚಿದ್ದು ತಪ್ಪಲ್ಲ. ತರಕಾರಿ ಹೆಚ್ಚುವಾಗ, ಬಟ್ಟೆ ಹಿಂಡುವಾಗ ನಾನು ಆ ಮಧ್ಯಾಹ್ನವನ್ನು ಮತ್ತೆ ಮತ್ತೆ ನಡೆಸುತ್ತೇನೆ. ಒಂದು ಸಲ ಡಬ್ಬಿಯನ್ನು ಮರೆಯದಂತೆ ಮಾಡುತ್ತೇನೆ. ಇನ್ನೊಂದು ಸಲ ಕಲ್ಲನ್ನು ಗಾಲಿಯ ಹಿಂದೆಯೇ ಬಿಡುತ್ತೇನೆ. ಮತ್ತೊಂದು ಸಲ ಮಾಮಾನ ರೈಲನ್ನು ಎಲ್ಲಿಯೂ ನಿಲ್ಲಿಸದೆ ಆಮೆನ್‌ಗೆ ತಲುಪಿಸುತ್ತೇನೆ. ಎಲ್ಲರೂ ಒಳ್ಳೆಯದನ್ನೇ ಮಾಡಿ, ಆ ಒಳ್ಳೆಯದೆಲ್ಲ ಕೂಡಿ ಗಾಡಿ ಹಿಂದಕ್ಕೆ ಉರುಳಿತು ಎಂಬುದಕ್ಕೆ ನನ್ನಲ್ಲಿ ಲೆಕ್ಕವಿಲ್ಲ. ಯಾರಾದರೂ ಕೆಟ್ಟವನೊಬ್ಬ ಸಿಕ್ಕಿದ್ದರೆ ಬೈದುಕೊಂಡಾದರೂ ಬದುಕುತ್ತಿದ್ದೆ.

ನೀಲಕ್ಕ ಈಗಲೂ ಬರುತ್ತಾಳೆ. ನಾನು ಕಚೇರಿಗೆ ಹೋದಾಗ ಅವ್ವನಿಗೆ ಗಂಜಿ ಕುಡಿಸುವವಳು ಅವಳೇ. ಒಂದು ದಿನ ಮೆಲ್ಲಗೆ ನನ್ನನ್ನು ಅಡುಗೆಮನೆಗೆ ಕರೆದು, "ಅಲ್ಲವಾ, ನಿಮ್ಮವ್ವ ಒಮ್ಮೆರೆ ಅತ್ತಾಳೇನು?" ಎಂದು ಕೇಳಿದಳು.

"ಇಲ್ಲಕ್ಕಾ."

"ಅದ ಬ್ಯಾನಿ ನೋಡು. ಅಳಬೇಕ. ನಾ ಆಗಿದ್ರ ಈ ಓಣಿ ಹಾರಿ ಹೋಗೂವಂಗ ಬೈತಿದ್ನಿ. ದೇವರನ್ನೂ ಬಿಡತಿದ್ದಿಲ್ಲ."

ಅಂದು ನಾನು ಅವ್ವನನ್ನು ಕೇಳಿಯೇಬಿಟ್ಟೆ. ಅವಳ ಕೂದಲು ಬಾಚುತ್ತಿದ್ದೆ. ಮುಖ ಕಾಣದಿದ್ದರೆ ಕೇಳುವುದು ಸುಲಭ.

"ಅವ್ವಾ, ಅವತ್ತ ನಾ ಒದರಿದ್ದ ನಿನಗ ಕೇಳಸ್ಲಿಲ್ಲೇನು?"

"ಕೇಳಸ್ತು."

"ಗಾಡಿ ಬರಾಕತ್ತೈತಿ ಅಂದದ್ದೂ?"

"ಹೂಂ."

"ಮತ್ತ?"

"ಪ್ರಾರ್ಥನಾ ನಡದಿತ್ತಲ್ಲವಾ."

ಕೇಳಿಸಲಿಲ್ಲ ಎಂದಿದ್ದರೆ ಅದೊಂದು ಅಪಘಾತ. ಕೇಳಿಸಿತು ಎಂದ ಮೇಲೆ ಅದಕ್ಕೆ ಏನೆನ್ನಬೇಕು? ನನ್ನ ದನಿಯನ್ನು ಕೇಳಿ, ತೂಗಿ, ಬದಿಗಿಟ್ಟಿದ್ದಳು. "ಹಂಗಾದ್ರ ಈಗ ಹೇಳು," ಎಂದೆ, ಸಿಟ್ಟಿನಿಂದಲೇ. "ಈಗ ಮತ್ತ ಹಂಗ ಒದರಿದ್ರ?"

ಅವ್ವ ಮುಖವನ್ನು ಗೋಡೆಯ ಕಡೆ ಹೊರಳಿಸಿದಳು. "ಅದನ್ನ ಕೇಳಬ್ಯಾಡ."

ಮಾಮಾ ಪ್ರತಿ ಸಂಜೆ ಬರುವುದನ್ನು ನಿಲ್ಲಿಸಿದ್ದಾನೆ. ರವಿವಾರ ಮಾತ್ರ, ಆರಾಧನೆ ಮುಗಿಸಿಕೊಂಡು ನೆಟ್ಟಗೆ ಬರುತ್ತಾನೆ. ದನಿ ಸಣ್ಣದಾಗಿದೆ, ಆದರೆ ಪ್ರಾರ್ಥನೆ ಸಣ್ಣದಾಗಿಲ್ಲ. ಮೊದಲಿಗಿಂತ ಉದ್ದವಾಗಿದೆ. ನಡುವೆ ಮಾತು ಸಿಗದೆ ನಿಲ್ಲುತ್ತಾನೆ, ಸುರುವಿನಿಂದ ಮತ್ತೆ ಹೊರಡುತ್ತಾನೆ. ಮುಗಿಸಿದರೆ ಕಣ್ಣು ತೆರೆದು ಅಕ್ಕನ ಕಾಲು ನೋಡಬೇಕಾಗುತ್ತದೆ. ಅದಕ್ಕೇ ಇರಬೇಕು ಎಂದು ನನ್ನ ಊಹೆ.

ಕಳೆದ ರವಿವಾರ ಹೀಗೇ ಬಂದ. ಮಂಚದ ಪಕ್ಕ ಕುರ್ಚಿ ಎಳೆದುಕೊಂಡು ತಲೆ ತಗ್ಗಿಸಿದ. ನಾನು ಎಂದಿನಂತೆ ಮಂಚದ ಕಾಲ್ದೆಸೆಯಲ್ಲಿ ಕಣ್ಣು ತೆರೆದುಕೊಂಡು ಕಾವಲಿಗೆ ನಿಂತೆ. ಬಾಗಿಲು ನೋಡಿದೆ. ತಿರುಗುತ್ತಿದ್ದ ಫ್ಯಾನು ನೋಡಿದೆ. ಅಡುಗೆಮನೆಯ ಗ್ಯಾಸಿನ ಗುಂಡಿ ನೋಡಿದೆ. ಹೊರಗೆ ಯಾವುದೋ ರಿಕ್ಷಾ ಹಿಂದಕ್ಕೆ ಸರಿಯುವ ಸಪ್ಪಳಕ್ಕೆ ಬೆವರಿದೆ. ಮಾಮಾ ಗಡಿ ಕಾಯುವವರ ಬಳಿ ನಿಂತು ಮಾತಿಗಾಗಿ ಹುಡುಕುತ್ತಿದ್ದ. ಆ ಬಿಡುವಿನಲ್ಲಿ ನನ್ನ ದೃಷ್ಟಿ ಅವ್ವನ ಮುಖಕ್ಕೆ ಹೋಯಿತು.

ಅವಳ ಕಣ್ಣು ತೆರೆದಿದ್ದವು.

ನನ್ನನ್ನೇ ನೋಡುತ್ತಿದ್ದಳು. ಹುಟ್ಟಿದಾಗಿನಿಂದ ಪ್ರಾರ್ಥನೆಯ ನಡುವೆ ಅವಳ ಕಣ್ಣಿನ ಬಣ್ಣ ನೋಡಿದವಳಲ್ಲ ನಾನು. ಅವಳು ಸಿಟ್ಟಾಗಲಿ, ಅಳಲಿ, ಒಮ್ಮೆಯಾದರೂ ಆ ಕಾಯ್ದೆ ಮುರಿಯಲಿ ಎಂದು ಎಷ್ಟು ದಿನ ಬಯಸಿದ್ದೆ. ಬಯಸಿದ್ದು ಕಣ್ಣೆದುರಿಗೆ ಬಂದಾಗ, ಮನೆಯ ತೊಲೆ ಮುರಿದದ್ದನ್ನು ಕಂಡಂತಾಯಿತು. ಬಗ್ಗಿ ಅವಳ ಕಿವಿಯ ಹತ್ತಿರ ಹೋದೆ.

"ಎಂದಿನಿಂದ ಅವ್ವಾ?"

"ಅವತ್ತಿನಿಂದನ," ಎಂದಳು, ಉಸಿರಿನಲ್ಲಿ. "ಮುಚ್ಚಾಕ ಆಗವಲ್ದು."

ಮಾಮಾನಿಗೆ ಕೇಳಿಸಲಿಲ್ಲ. ಅವನಿಗೆ ಮಾತು ಸಿಕ್ಕಿತ್ತು. ಮಳೆ, ಬೆಳೆಗೆ ಬಂದಿದ್ದ. ಇಷ್ಟು ದಿನ ಒಂದೇ ಕೋಣೆಯಲ್ಲಿ, ಒಂದೇ ಪ್ರಾರ್ಥನೆಯಲ್ಲಿ, ನಾವಿಬ್ಬರೂ ಒಬ್ಬರಿಗೊಬ್ಬರು ಹೇಳದೆ ಕಣ್ಣು ತೆರೆದುಕೊಂಡು ಕಳೆದಿದ್ದೆವು. ಅವಳು ನನ್ನನ್ನು ನೋಡಿದ್ದಳು. ನಾನು ಬಾಗಿಲನ್ನು, ಫ್ಯಾನನ್ನು, ಗ್ಯಾಸಿನ ಗುಂಡಿಯನ್ನು ನೋಡಿದ್ದೆ.

ಅವಳು ನನ್ನ ಮಣಿಕಟ್ಟು ಹಿಡಿದಳು. "ನೀ ಮುಚ್ಚಗೊ," ಎಂದಳು. "ನಾ ನೋಡ್ತಿರ್ತೀನಿ."

ನೋಡಿ ಅವಳೇನು ಮಾಡಬಲ್ಲಳು? ಬಾಗಿಲಿನಿಂದ ಏನು ನುಗ್ಗಿ ಬಂದರೂ ಅವಳಿಗೆ ಒಂದು ಕಾಲನ್ನೂ ಸರಿಸಲು ಆಗುವುದಿಲ್ಲ. ಕೂಗಬಹುದು, ಅಷ್ಟೆ. ಕೂಗಿದರೆ ಏನಾಗುತ್ತದೆ ಎಂಬುದು ನಮ್ಮಿಬ್ಬರಿಗೂ ಗೊತ್ತಿತ್ತು. ಆದರೂ ಅವ್ವ ಹೇಳಿದಳೆಂದು ಮುಚ್ಚಿದೆ. ಒಳಗೆ ಗರಸಿನ ಸಪ್ಪಳ ಸುರುವಾಯಿತು, ಗಾಲಿ ತಿರುಗಿತು, ಎಂದಿನಂತೆ ರೆಪ್ಪೆ ನಡುಗಿದವು. ಮಣಿಕಟ್ಟಿನ ಮೇಲೆ ಅವಳ ಹಿಡಿತ ಬಿಗಿಯಾಯಿತು. ತೆರೆಯಲಿಲ್ಲ. ಮಾಮಾ ಇನ್ನೂ ಓಣಿಯ ಕಾಯಿಲೆಯವರ ಹತ್ತಿರವೇ ಇದ್ದ, ಒಬ್ಬೊಬ್ಬರ ಹೆಸರು ಹಿಡಿದು ಹೇಳುತ್ತಿದ್ದ.